ಒದ್ದೆ ಹೊಲದ ಮೇಲೆ ಹಾಸಿದ ಹುಲ್ಲು

ಶ್ರೀರಂಗಪಟ್ಟಣ ದಾಟುವಾಗ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಅರಮನೆ ನೋಡಿದಿರಾ ಎಂದು ಕೇಳುತ್ತಾರೆ. ನೋಡಲಿಲ್ಲ. ನಾನು ನೋಡಿದ್ದು ಒಂದು ಹೊಲ. ದನ ಮೇಯುವ, ಬದುಗಳೇ ಇಲ್ಲದ, ಇಳಿಜಾರಿನ ಹುಲ್ಲಿನ ಹೊಲ. ಐವತ್ತು ವರ್ಷಗಳ ಹಿಂದೆ ಅಲ್ಲಿ ಹುಡುಗ ಹುಡುಗಿಯರು ಸಾವಿರಗಟ್ಟಲೆ ಸೇರಿ ಬಯಲಿನಲ್ಲೇ ಮಲಗಿ ಎದ್ದು, ಹಾಡಿ ಕುಣಿದಿದ್ದರಂತೆ. ಅದನ್ನು ಬರೆಯಬೇಕೆಂದರೆ ನನ್ನದೇ ಗದ್ದೆಯ ವಿಷಯವನ್ನೂ ಬರೆಯಬೇಕಾಗುತ್ತದೆ. ಇಷ್ಟು ದಿನ ಪೆನ್ನು ಹಿಡಿಯದೆ ಇದ್ದದ್ದಕ್ಕೆ ಕಾರಣ ಅದೇ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬೇಸಾಯಕ್ಕೆ ನಿಂತವನು. ವಿದೇಶಕ್ಕೆ ಹೋಗುವ ಆಸೆ ನನಗಿರಲಿಲ್ಲ. ನನ್ನನ್ನು ಎಳೆದುಕೊಂಡು ಹೋದವನು ನಂಜೇಗೌಡ, ನನ್ನ ಹೆಂಡತಿಯ ತಮ್ಮ, ನಾಗಮಂಗಲದ ಕಡೆಯವನು. ಅವನ ಮಗಳು ಶ್ವೇತಾ ಇಂಗ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಅಮ್ಮ ಬಂದು ಹೋಗಲಿ ಎಂದು ಅವಳ ಆಸೆ. ನಂಜನ ಹೆಂಡತಿ ವಿಮಾನ ಎಂದ ತಕ್ಷಣ ಕೈ ಮುಗಿದುಬಿಟ್ಟಳು.

"ನಾನೊಬ್ನೇ ಓದ್ರೆ ಅಲ್ಲಿ ಯಾರ್ ತಾವ ಮಾತಾಡ್ಲಿ ಬಾವ? ಮಗಳು ಡ್ಯೂಟಿಗೆ ಒಯ್ತಾಳೆ. ನಾನು ಗೋಡೆ ತಾವ ಮಾತಾಡ್ಲಾ? ನೀನೂ ಬಾ."

ಹೊರಟೆವು. ಕಾರು ಶ್ರೀರಂಗಪಟ್ಟಣ ದಾಟುವಾಗ ನಂಜ ಕೋಟೆಯ ಕಡೆ ಕೈ ತೋರಿಸಿ ನಕ್ಕ. "ನೋಡು, ಅವ್ರು ನಮ್ ಪಟ್ಣಕ್ಕೆ ಯೋಳ್ದೆ ಕೇಳ್ದೆ ನುಗ್ಗಿದ್ರು. ನಾವು ವೀಸಾಕ್ಕೆ ಬೆಟ್ಟು ಒತ್ಬುಟ್ಟು ಒಯ್ತಾ ಇದೀವಿ. ಯಾರ್ ಬಾವ ಮರ್ವಾದಸ್ತ್ರು?"

ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ನಂಜನ ಕೈಚೀಲದಿಂದ ಹುರಿಹಿಟ್ಟಿನ ಪೊಟ್ಟಣ ಎತ್ತಿ ಹಿಡಿದು ಹಿಂದಿಯಲ್ಲಿ ಏನು ಪುಡಿ ಎಂದು ಕೇಳಿದ. ಇವನಿಗೆ ಹಿಂದಿ ಬಾರದು. ಪೊಟ್ಟಣ ಬಿಚ್ಚಿ, ಒಂದು ಹಿಡಿ ಬಾಯಿಗೆ ಹಾಕಿಕೊಂಡು ತಿಂದು ತೋರಿಸಿದ. ಒಣ ಹಿಟ್ಟು ನೆತ್ತಿಗೇರಿತು. ಕೆಮ್ಮಿದ ರಭಸಕ್ಕೆ ತಪಾಸಣೆಯವನ ಸಮವಸ್ತ್ರವೆಲ್ಲ ಬೆಳ್ಳಗಾಯಿತು. ಪುಣ್ಯಾತ್ಮ ನಕ್ಕು ಬಿಟ್ಟುಬಿಟ್ಟ.

ಮೋಡದ ಮೇಲೆ

ವಿಮಾನದಲ್ಲಿ ನಂಜ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ನನಗೆ ನಿದ್ದೆ ಬರಲಿಲ್ಲ. ಅವನು ಹಾಗೆ ನಂಬಿ ಒರಗಿಕೊಂಡಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಏಕೆಂದು ಇಲ್ಲೇ ಹೇಳಿಬಿಡುತ್ತೇನೆ.

ನಲವತ್ತು ವರ್ಷದ ಕೆಳಗೆ ನಂಜ ನಮ್ಮ ಮನೆಯಲ್ಲಿದ್ದುಕೊಂಡು ಪಾಂಡವಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದ. ಓದಿಗಿಂತ ಹಾಡು ಜಾಸ್ತಿ. ಒಳ್ಳೆಯ ಕಂಠ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಹುಡುಗರನ್ನು ಕಲೆಹಾಕಿ ಒಂದು ದಿನ ಪೂರ್ತಿ ಬಯಲಿನಲ್ಲಿ ಹಾಡಿಸಬೇಕೆಂದು ಹಟ ಹಿಡಿದ. ತಮಟೆಯವರು, ಕೋಲಾಟದವರು, ಭಜನೆಯವರು, ಹಾರ್ಮೋನಿಯಂನವರು, ಸಿನಿಮಾ ಹಾಡಿನ ಆರ್ಕೆಸ್ಟ್ರಾದವರು, ಎಲ್ಲರೂ. ದೇವಸ್ಥಾನದ ಮುಂದೆ ಮಾಡ್ರೋ ಎಂದರೆ, ಅಲ್ಲಿಗೆ ಎಲ್ಲರೂ ಬರುವ ಹಾಗಿಲ್ಲವಲ್ಲ ಬಾವ, ಎಂದ. ಕೊಯ್ಲು ಮುಗಿದ ನನ್ನ ಗದ್ದೆಯನ್ನು ಕೇಳಿದ. ಹೆಂಡತಿಯ ಮುಖ ನೋಡಿ ಹೂಂ ಎಂದೆ.

ಆಮೇಲೆ ಊರಿನ ಯಜಮಾನರು ಮನೆಗೆ ಬಂದರು. ಎಲ್ಲ ಕೇರಿಯ ಹುಡುಗರೂ ನಿನ್ನ ಗದ್ದೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರಂತೆ, ನಿನಗೆ ಒಪ್ಪಿಗೆಯೋ ಎಂದು ಕೇಳಿದರು. ಒಪ್ಪಿಗೆ ಎನ್ನುವ ಧೈರ್ಯ ನನಗಿರಲಿಲ್ಲ. ಕೊಟ್ಟ ಮಾತು ತಪ್ಪಿದೆ ಎಂದು ಹೆಂಡತಿಗೆ ಹೇಳುವ ಧೈರ್ಯವೂ ಇರಲಿಲ್ಲ. ಕಬ್ಬಿಗೆಂದು ನಾಲೆಯಲ್ಲಿ ನೀರು ಬಿಟ್ಟಿದ್ದರು. ಹಾಡಿನ ದಿನ ಕೋಳಿ ಕೂಗುವ ಹೊತ್ತಿಗೆ ಹೋಗಿ ತೂಬಿನ ಹಲಗೆ ಎತ್ತಿಬಿಟ್ಟೆ. ಬಿಸಿಲೇರುವ ಹೊತ್ತಿಗೆ ಗದ್ದೆ ಕೆಸರಾಗಿತ್ತು.

ತಮಟೆ ಹೊತ್ತವರು, ಪೆಟ್ಟಿಗೆ ಹೊತ್ತವರು ಬಂದು ಬದುವಿನ ಮೇಲೆ ಸಾಲಾಗಿ ನಿಂತರು. ಆಗ ನಂಜನ ಕಣ್ಣಿಗೆ ಬಿದ್ದವನು ಸಿದ್ದಯ್ಯ. ಅವನು ನಮ್ಮೂರ ನೀರುಗಂಟಿ, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿ ಬಿಡುವವನು. ನೀರುಗಂಟಿಗಳ ಮನೆ ಊರಿನ ಯಾವ ಕಡೆಗಿರುತ್ತದೆ ಎಂದು ಓದುವವರಿಗೆ ನಾನು ಹೇಳಬೇಕಾಗಿಲ್ಲ. ಅವನೂ ಬದುವಿನ ಮೇಲೆ ನಿಂತಿದ್ದ. ನಂಜ ಹಿಂದೆ ಮುಂದೆ ನೋಡದೆ, ತನಗಿಂತ ಹಿರಿಯನಾದ ಆ ಮನುಷ್ಯನ ಕೆನ್ನೆಗೆ ಅಷ್ಟು ಜನರ ಮುಂದೆ ಹೊಡೆದ. ನಾನು ಹತ್ತಿರದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಯಜಮಾನರು ನೀರಿನ ಕೆಲಸವನ್ನು ಸಿದ್ದಯ್ಯನಿಂದ ಕಿತ್ತು ಬೇರೆಯವನಿಗೆ ಕೊಟ್ಟರು. ಸಿದ್ದಯ್ಯ ಊರು ಬಿಟ್ಟು ಸಂತೆಬಾಚಹಳ್ಳಿ ಕಡೆಗೆ ಹೋದ. ನಂಜ ಮತ್ತೆ ಹಾಡಲಿಲ್ಲ. ಹಸು ಕಟ್ಟಿದ, ಹಾಲಿನ ಡೇರಿ ನೋಡಿಕೊಂಡ, ಮದುವೆಯಾದ. ಎಲ್ಲಿ ಹೋದರೂ "ನಮ್ ಬಾವ ಗದ್ದೆ ಕೊಟ್ಟಿದ್ರು" ಎಂದು ಹೇಳುವುದನ್ನು ಮಾತ್ರ ಬಿಡಲಿಲ್ಲ. ಹಾಗೆ ನಂಬಿದವನ ತಲೆಯೇ ಈಗ ನನ್ನ ಭುಜದ ಮೇಲಿತ್ತು.

ಶ್ವೇತಾಳ ಊರು

ಆ ಊರಿನ ಹೆಸರು ಬರೆಯುವುದಿಲ್ಲ. ಬರೆದದ್ದೊಂದು, ಅವರು ಕರೆಯುವುದೊಂದು. ಅರ್ಧ ಅಕ್ಷರಗಳನ್ನು ಅವರು ನುಂಗಿಬಿಡುತ್ತಾರೆ.

ಅಲ್ಲಿನವರು ಎದುರಿಗೆ ಸಿಕ್ಕರೆ "ಆಲ್ ರೈಟ್?" ಎನ್ನುತ್ತಾರೆ. ಕ್ಷೇಮವೇ ಎಂದು ಅರ್ಥವಂತೆ, ಆದರೆ ಉತ್ತರಕ್ಕೆ ಕಾಯುವುದಿಲ್ಲ. ಮೊದಲ ದಿನ ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಹಾಗೆಂದಾಗ ನಂಜ ಸರಸರನೆ ಮುಂದೆ ನಡೆದುಬಿಟ್ಟ.

"ಯಾಕ್ಲಾ ಅಂಗ್ ಓಡ್ದೆ?" ಎಂದೆ.

"ಅವ್ನು ರೈಟ್ ಅಂದ. ನಾನು ಒಂಟ್ಬುಟ್ಟೆ. ಕಂಡಕ್ಟ್ರು ರೈಟ್ ಅಂದ್ಮೇಲೆ ಬಸ್ಸು ನಿಂತ್ಕತದಾ?"

ಶ್ವೇತಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆ ದಿನದಿಂದ ಆ ಮುದುಕ ರೈಟ್ ಎಂದಾಗಲೆಲ್ಲ ನಂಜ ಎರಡು ಸಲ ಶಿಳ್ಳೆ ಹಾಕುತ್ತಿದ್ದ. ಆ ಮುದುಕನೂ ಕಲಿತುಕೊಂಡು ಶಿಳ್ಳೆ ಹಾಕತೊಡಗಿದ.

ಜುಲೈ ತಿಂಗಳು. ರಾತ್ರಿ ಒಂಬತ್ತಾದರೂ ಬೆಳಕು. ಕತ್ತಲಾಗದೆ ಉಂಡು ಅಭ್ಯಾಸವಿಲ್ಲದ ನಂಜ ತಟ್ಟೆ ಮುಂದಿಟ್ಟುಕೊಂಡು ಕಿಟಕಿ ನೋಡುತ್ತ ಕೂರುತ್ತಿದ್ದ. ನನಗೆ ಬಹಳ ಹಿಡಿಸಿದ್ದು ಅಲ್ಲಿನ ಕಾಲುದಾರಿಗಳು. ಯಾರದೋ ಹೊಲದ ನಡುವೆ ಯಾರು ಬೇಕಾದರೂ ನಡೆದು ಹೋಗಬಹುದು. ಬೈಯುವವರಿಲ್ಲ. ಗೇಟು ತೆಗೆದವನು ಮುಚ್ಚಿ ಹೋಗಬೇಕು, ಅಷ್ಟೇ ಕಟ್ಟಳೆ. ಚಿಕ್ಕ ಮಕ್ಕಳೂ ಹಿಂದಿರುಗಿ ನೋಡಿ ಮುಚ್ಚುತ್ತವೆ. ನಮ್ಮಲ್ಲಿ ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವುದು ನೆನಪಾಗಿ ನಾಚಿಕೆಯಾಯಿತು.

ಮಾರ್ಗರೆಟ್ಟಮ್ಮನ ಕೊಟ್ಟಿಗೆ

ಅಂಥದೊಂದು ಕಾಲುದಾರಿಯೇ ನಮ್ಮನ್ನು ಆ ಹೊಲಕ್ಕೆ ಕರೆದುಕೊಂಡು ಹೋಯಿತು. ಹೊಲದ ಒಡತಿಯ ಹೆಸರು ಮಾರ್ಗರೆಟ್. ಎಪ್ಪತ್ತು ದಾಟಿದ ಹೆಂಗಸು, ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ಹಾಲಿನ ಕ್ಯಾನು. ನಂಜ ಅವರ ಹಸುಗಳ ಕೆಚ್ಚಲು ನೋಡಿದ ರೀತಿಯಲ್ಲೇ ಇವನು ಹಸು ಕಟ್ಟಿದವನು ಎಂದು ಅವರಿಗೆ ತಿಳಿದುಹೋಯಿತು. ಒಂದು ಗಳಿಗೆಯಲ್ಲಿ ಅವನು ಅವರನ್ನು ಮಾರ್ಗರೆಟ್ಟಮ್ಮ ಮಾಡಿಬಿಟ್ಟ. ಶ್ವೇತಾ ನಡುವೆ ನಿಂತು ಅವರ ಮಾತನ್ನು ನಮಗೂ ನಮ್ಮ ಮಾತನ್ನು ಅವರಿಗೂ ಹೇಳಿದಳು.

ಕೊಟ್ಟಿಗೆಯ ಒಳಗೋಡೆಯ ತುಂಬ ಮೊಳೆ ಹೊಡೆದು ಚಪ್ಪಲಿ, ಷೂ ನೇತು ಹಾಕಿದ್ದರು. ಒಂಟಿ ಒಂಟಿ. ಜೋಡಿ ಒಂದೂ ಇಲ್ಲ. ಐವತ್ತು ವರ್ಷದ ಹಿಂದಿನ ಆ ಹಾಡಿನ ಹಬ್ಬದಲ್ಲಿ ಕೆಸರು ಎಳೆದುಕೊಂಡ ಪಾದರಕ್ಷೆಗಳಂತೆ. ಈಗಲೂ ಯಾರಾದರೂ ಅಜ್ಜ ಅಜ್ಜಿ ಮೊಮ್ಮಕ್ಕಳ ಕೈ ಹಿಡಿದು ಬಂದು ತಮ್ಮದನ್ನು ಹುಡುಕುತ್ತಾರಂತೆ. ಸಿಕ್ಕರೂ ಒಯ್ಯುವುದಿಲ್ಲ. ಒರೆಸಿ ಮತ್ತೆ ಅದೇ ಮೊಳೆಗೆ ಹಾಕಿ ಹೋಗುತ್ತಾರೆ.

"ನಮ್ಮೂರಲ್ಲಾಗಿದ್ರೆ ಒಂಟಿ ಚಪ್ಲೀನೂ ಬುಡ್ತಿರ್ನಿಲ್ಲ ಬಾವ, ಕುಂಟ ಆದ್ರೂ ಬಂದು ತಕಂಡ್ ಓಗ್ತಿದ್ದ" ಎಂದ ನಂಜ. ಶ್ವೇತಾ ಇದನ್ನು ಅನುವಾದ ಮಾಡಲಿಲ್ಲ.

ಮಾರ್ಗರೆಟ್ ಹೇಳಿದ ಕಥೆ ಇದು. ಅವರ ಅಪ್ಪ ಹುಡುಗರಿಗೆ ಹೊಲ ಕೊಡುತ್ತೇನೆಂದು ಮಾತು ಕೊಟ್ಟ. ಊರಿಗೆ ಊರೇ ತಿರುಗಿ ನಿಂತಿತು. ದನ ಬೆದರುತ್ತವೆ, ಮಕ್ಕಳು ಕೆಡುತ್ತಾರೆ, ಎಲ್ಲೆಲ್ಲಿಂದಲೋ ಎಂಥೆಂಥವರೋ ಬರುತ್ತಾರೆ ಎಂದರು. ಅಪ್ಪ ಮಾತು ಬದಲಿಸಲಿಲ್ಲ. ಹುಡುಗರು ಬಂದಿಳಿದ ದಿನವೇ ಮಳೆ ಹಿಡಿಯಿತು. ಇಳಿಜಾರಿನ ನೀರೆಲ್ಲ ವೇದಿಕೆಯ ಮುಂದೆ ನಿಂತಿತು. ಹಾಡು ನಿಂತೇಹೋಯಿತು ಎಂದುಕೊಂಡು ಹುಡುಗರು ಗಂಟು ಕಟ್ಟುವಾಗ, ಅಪ್ಪ ದನಗಳಿಗೆಂದು ಕೂಡಿಟ್ಟಿದ್ದ ಗೋಧಿ ಹುಲ್ಲಿನ ಪೆಂಡಿಗಳನ್ನು ಟ್ರಾಕ್ಟರಿನಲ್ಲಿ ತಂದು ಕೆಸರಿನ ಮೇಲೆ ಹಾಸತೊಡಗಿದ. ಆ ವರ್ಷದ ಮೇವೆಲ್ಲ ಹೋಯಿತು. ಹುಡುಗರು ಹುಲ್ಲಿನ ಮೇಲೆ ನಿಂತು ಹಾಡಿದರು. ಊರವರಲ್ಲಿ ಕೆಲವರು ಅಪ್ಪನನ್ನು ಮಾತನಾಡಿಸಿದ್ದು ಎಷ್ಟೋ ವರ್ಷಗಳ ಮೇಲೆ.

"ಈಗ?" ಎಂದು ಕೇಳಿದೆ.

ಮಾರ್ಗರೆಟ್ ನಮ್ಮನ್ನು ಊರಿನ ಸಮುದಾಯ ಭವನಕ್ಕೆ ಕರೆದುಕೊಂಡು ಹೋದರು. ನೆಲಕ್ಕೆ ಹಾಸಿದ ಮರದ ಹಲಗೆಗಳು ಆ ವೇದಿಕೆಯವೇ. ಅದರ ಮೇಲೆ ಮಕ್ಕಳು ಕೂತು ಪಿಟೀಲು ಕಲಿಯುತ್ತಿದ್ದರು. ಅವತ್ತು ಬೈದವರ ಮೊಮ್ಮಕ್ಕಳಂತೆ. ಊರಿನ ಶಾಲೆಯಲ್ಲಿ ಹಾಡದ ಮಗುವಿಲ್ಲ, ಮದುವೆಗೆ ಹೊರಗಿನಿಂದ ವಾದ್ಯದವರನ್ನು ಕರೆಸುವ ಪದ್ಧತಿಯೇ ಇಲ್ಲ ಎಂದರು. ನಾನು ಬಗ್ಗಿ ಆ ಹಲಗೆಯನ್ನು ಕೈಯಿಂದ ಮುಟ್ಟಿದೆ. ಒಂದೇ ಒಂದು ದಿನ ಅಂಜದೆ ನಿಂತ ರೈತನಿಂದ ಒಂದು ಊರಿಗೆ ಇಷ್ಟು ಬಂದಿತ್ತು.

ಆಗ ಮಾರ್ಗರೆಟ್ ನನ್ನ ಕಡೆ ತಿರುಗಿ, ನೀವೂ ರೈತರಲ್ಲವೇ, ನಿಮ್ಮ ಕಡೆ ಹೀಗೆ ಹೊಲ ಕೊಟ್ಟವರಿದ್ದಾರೆಯೇ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಂಜ ಎದೆಯುಬ್ಬಿಸಿದ. "ಯೋಳು ಮಗಾ, ನಿಮ್ ಮಾವ ಕೊಟ್ಟಿದ್ರು ಅಂತ ಯೋಳು. ನೀರುಗಂಟಿ ನೀರ್ ಬುಟ್ಬುಟ್ಟ, ಇಲ್ದಿದ್ರೆ ನಮ್ದೂ ಇಂಗೇ ಆಗ್ತಿತ್ತು ಅಂತ."

ಶ್ವೇತಾ ಹೇಳಿದಳು. ಮಾರ್ಗರೆಟ್ ನನ್ನ ಎರಡೂ ಕೈ ಹಿಡಿದುಕೊಂಡರು.

ಹುಲ್ಲು ಹಾಸುವ ದಿನ

ಪ್ರತಿ ವರ್ಷ ಹುಲ್ಲು ಕೊಯ್ದಾದ ಮೇಲೆ ಒಂದು ದಿನ ಆ ಹೊಲದಲ್ಲಿ ಹಾಡು. ಮೊದಲಿನಷ್ಟು ಜನ ಬರುವುದಿಲ್ಲ. ಅವತ್ತು ಬಂದಿದ್ದವರು ಈಗ ನರೆಗೂದಲು ಬಿಟ್ಟುಕೊಂಡು, ಬಣ್ಣಬಣ್ಣದ ಅಂಗಿ ತೊಟ್ಟು, ಮಡಚುವ ಕುರ್ಚಿ ಹೊತ್ತು ಬರುತ್ತಾರೆ. ಹರೆಯದವರು ಗಿಟಾರು ಹಿಡಿದು ಬರುತ್ತಾರೆ. ಟೀಗೂ ಸಾಲು, ಐಸ್‌ಕ್ರೀಮಿಗೂ ಸಾಲು. ಹಾಡು ಶುರುವಾಗುವ ಮೊದಲು ಯಾರಾದರೊಬ್ಬ ಹಿರಿಯ ರೈತ ವೇದಿಕೆಯ ಮುಂದೆ ಹುಲ್ಲಿನ ಪೆಂಡಿ ಬಿಚ್ಚಿ ಹಾಸಬೇಕು. ಮಳೆ ಇರಲಿ ಬಿಡಲಿ, ಅದು ಅವರ ಸಂಪ್ರದಾಯ.

ಆ ಸಲ ನನ್ನ ಹೆಸರು ಕೂಗಿದರು.

ನಂಜ ಹಿಂದಿನಿಂದ ದಬ್ಬಿದ. "ಓಗು ಬಾವ, ಕರೀತಾವ್ರೆ!" ಎಂದವನೇ ಮುಂದೆ ಓಡಿ ಫೋನಿನಲ್ಲಿ ವಿಡಿಯೋ ಹಿಡಿಯಲು ನಿಂತ. ಅವನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ. ಮಾರ್ಗರೆಟ್ ಪೆಂಡಿಯನ್ನು ನನ್ನ ಕೈಗಿಟ್ಟರು. ಬಿಸಿಲು ಕುಡಿದ ಹುಲ್ಲಿನ ಘಮ. ಅವರ ಅಪ್ಪ ನೀರಿನ ಮೇಲೆ ಹುಲ್ಲು ಹಾಸಿದವನು, ನಾನು ಒಣಗಿದ ಗದ್ದೆಗೆ ನೀರು ಹಾಯಿಸಿದವನು.

"ನಂಜ, ಇದ ನಾನು ಮುಟ್ಬಾರ್ದು ಕಣ್ಲಾ" ಎಂದೆ. ಮೈಕು ಹತ್ತಿರದಲ್ಲೇ ಇತ್ತು, ನನ್ನ ದನಿ ಹೊಲದ ತುಂಬ ಕೇಳಿಸಿತು. "ಅವತ್ತು ನೀರ್ ಬುಟ್ಟೋನು ಸಿದ್ದಯ್ಯ ಅಲ್ಲ. ನಾನು. ತೂಬು ಎತ್ತಿದ್ದು ನಾನು ಕಣ್ಲಾ."

ಜನ ನಾನು ಭಾಷಣ ಮಾಡಿದೆನೆಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಂಥ ಏಟು ನಾನು ತಿಂದಿಲ್ಲ. ಶ್ವೇತಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ನಂಜ ಫೋನು ಇಳಿಸಿ ಹತ್ತಿರ ಬಂದ.

"ಸಿದ್ದಯ್ಯ ಅಲ್ವಾ?"

"ಅಲ್ಲ."

ಅವನು ತನ್ನ ಬಲ ಅಂಗೈಯನ್ನು ಒಮ್ಮೆ ನೋಡಿಕೊಂಡ. ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಕೊಡು ಇತ್ಲಾಗೆ. ಜನ ಕಾಯ್ತಾವ್ರೆ" ಎಂದು ಪೆಂಡಿ ಕಿತ್ತುಕೊಂಡು, ಹಗ್ಗ ಬಿಚ್ಚಿ, ನಮ್ಮ ಕಣದಲ್ಲಿ ಹರಡುವ ಹಾಗೆ ಅಂದವಾಗಿ ಹುಲ್ಲು ಹಾಸಿದ. ಹಾಡು ಶುರುವಾಯಿತು. ಅವನು ಕೊನೆಯವರೆಗೂ ಕೂತು ಕೇಳಿದ, ನನ್ನಿಂದ ದೂರ.

ಸಂಜೆ ಶ್ವೇತಾಳನ್ನು ಕರೆದುಕೊಂಡು ಹೋಗಿ ಮಾರ್ಗರೆಟ್ಟಮ್ಮನಿಗೂ ನಿಜ ಹೇಳಿಸಿದೆ. ಅವರು ನನಗೆ ಕುರ್ಚಿ ತೋರಿಸಿದರು. ಆಮೇಲೆ, ಅಪ್ಪನ ಹೊಲದ ಗೇಟಿಗೆ ಹಬ್ಬದ ಹಿಂದಿನ ದಿನ ಯಾರೋ ಗೊಬ್ಬರದ ಗುಡ್ಡೆ ಸುರಿದು ದಾರಿ ಕಟ್ಟಿದ್ದರು, ಯಾರೆಂದು ಇವತ್ತಿಗೂ ತಿಳಿಯದು, ಅವನು ಬಂದು ಹೇಳಿದ್ದರೆ ಅಪ್ಪ ಕೂರಿಸಿ ಟೀ ಕೊಡುತ್ತಿದ್ದ ಎಂದರು. ಹೇಳಿ, ನನಗೂ ಟೀ ಬಗ್ಗಿಸಿ ಕೊಟ್ಟರು.

ವಾಪಸು

ಉಳಿದ ದಿನಗಳಲ್ಲಿ ನಂಜ ನನ್ನೊಡನೆ ನೇರವಾಗಿ ಮಾತನಾಡಲಿಲ್ಲ. ಒಂದೇ ಕೋಣೆ, ಒಂದೇ ಮಂಚ. "ಮಗಾ, ನಿಮ್ ಮಾವಂಗೆ ಯೋಳು, ಅವ್ರ ಗೊರ್ಕೆಗೆ ನಂಗೆ ನಿದ್ದೆ ಬರಕಿಲ್ಲ ಅಂತ." ನಾನು ಪಕ್ಕದಲ್ಲೇ ಇರುತ್ತಿದ್ದೆ. ಶ್ವೇತಾ ಪಾಪ, ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ್ದು ಸಾಲದೆ ಕನ್ನಡದಿಂದ ಕನ್ನಡಕ್ಕೂ ಅನುವಾದ ಮಾಡಬೇಕಾಯಿತು. ಬೇಲಿಯಾಚೆಯ ಮುದುಕ ಶಿಳ್ಳೆ ಹಾಕಿದರೂ ನಂಜ ತಿರುಗಿ ಹಾಕಲಿಲ್ಲ.

ವಿಮಾನ ಇಳಿಯಲು ಬಾಗಿದಾಗ ತಾನಾಗಿಯೇ ಕೇಳಿದ.

"ಸಿದ್ದಯ್ಯ ಬದ್ಕವ್ನಾ?"

"ಅವ್ನೆ. ಮಗಳ ಊರಲ್ಲಿ. ಸಂತೆಬಾಚಳ್ಳಿ ತಾವ."

"ನಿಂಗೆಂಗ್ ಗೊತ್ತು?"

"ಸಂತೇಲಿ ನೋಡ್ತಿರ್ತೀನಿ. ಮಾತಾಡ್ಸಿಲ್ಲ."

"ನನ್ ಆಡು ಓದ್ರೆ ಓಗ್ಲಿ ಬಾವ. ನನ್ ಕೈಲಿ ಅವ್ನಿಗೆ ಒಡಿಸ್ದಲ್ಲ ನೀನು. ಅದ ಎಂಗ್ ತೊಳ್ಕಳ್ಲಿ?"

"ಅವ್ನ್ ತಾವ್ಕೇ ಓಗವ ಬಾ" ಎಂದೆ.

ಸಂತೆಬಾಚಹಳ್ಳಿಯ ಹತ್ತಿರ

ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಿಸಿ ಹೋದೆವು. ಸಿದ್ದಯ್ಯ ಜಗುಲಿಯ ಮೇಲೆ ಕೂತು ಮೊರದಲ್ಲಿ ಕೈಯಾಡಿಸುತ್ತ ಹುರುಳಿ ಆರಿಸುತ್ತಿದ್ದ. ಎಂಬತ್ತು ದಾಟಿದ ಜೀವ. ಕಣ್ಣು ಮಂಜು, ಕಿವಿ ಚುರುಕು. ನಂಜ ಅವನ ಮುಂದೆ ನೆಲದ ಮೇಲೆ ಕೂತು, ನಾನು ನಿನಗೆ ಹೊಡೆದವನು ಎಂದ. ಅವನ ಪಕ್ಕ ನಾನೂ ಕೂತು ನನ್ನದನ್ನು ಹೇಳಿದೆ. ನಿನ್ನ ಕೆಲಸ ಹೋದದ್ದೂ ನನ್ನಿಂದ ಎಂದೆ.

ಸಿದ್ದಯ್ಯ ಮೊರವನ್ನು ಪಕ್ಕಕ್ಕಿಟ್ಟ. "ಕೆಲ್ಸ ಓಗಿದ್ದು ಓಯ್ತು ಗೌಡ್ರೆ. ಇಲ್ಬಂದು ಕೂಲಿ ಮಾಡ್ದೆ, ಮಕ್ಳ ಸಾಕ್ದೆ. ಆದ್ರೆ ಒಂದ್ ಮಾತು. ಅವತ್ತು ನಾನು ನೀರ್ ನೋಡಕ್ ಬಂದಿರ್ನಿಲ್ಲ."

"ಮತ್ತೆ?" ಎಂದ ನಂಜ.

"ಒಗ್ದಿದ್ ಅಂಗಿ ಆಕಂಡಿದ್ದೆ, ಕಾಣ್ನಿಲ್ವಾ ನಿಮ್ಗೆ? ಎಲ್ಲಾರೂ ಆಡ್ಬೌದು ಅಂತ ಕೇರೀಲಿ ಯೋಳಿದ್ರಿ. ನಂಗೂ ಒಂದ್ ಪದ ಬತ್ತದೆ, ಯೋಳ್ಲಾ ಅಂತ ಕೇಳವ ಅಂತ ನಿಂತಿದ್ದೆ. ನಾನ್ ಬಾಯ್ ತೆಗ್ಯಕ್ ಮುಂಚೇನೇ ಒಡುದ್ಬುಟ್ರಿ."

ನಂಜ ಮುಖ ಮುಚ್ಚಿಕೊಂಡ. ಅತ್ತು ಸಮಾಧಾನವಾದ ಮೇಲೆ, "ಈಗ ಯೋಳು ಸಿದ್ದಯ್ಯ. ಕೇಳ್ತೀವಿ" ಎಂದ.

"ಇಲ್ಲೇನಾ? ನಿಮ್ಮಿಬ್ರಿಗಾ?" ಸಿದ್ದಯ್ಯ ತಲೆಯಾಡಿಸಿದ. "ಇಲ್ಲ ಕಣ್ರಪ್ಪ. ಆ ಗದ್ದೇಲೇ ಯೋಳ್ತೀನಿ. ಜನ ಇರ್ಬೇಕು. ನಾಕ್ ತಾಲ್ಲೂಕೂ ಬರ್ಬೇಕು. ಮೈಕೂ ಇರ್ಬೇಕು."

ಯಜಮಾನರು ಯಾರೂ ಈಗ ಇಲ್ಲ. ಇದ್ದಿದ್ದರೂ ಈ ಸಲ ಅವರ ಮುಂದೆಯೇ ಒಪ್ಪಿಗೆ ಎನ್ನುತ್ತಿದ್ದೆ. ನಂಜ ಹುಡುಗರನ್ನು ಹುಡುಕಿಕೊಂಡು ನಾಗಮಂಗಲ, ಶ್ರೀರಂಗಪಟ್ಟಣ ತಿರುಗುತ್ತಿದ್ದಾನೆ. ಕೊಯ್ಲಾದ ಮೇಲೆ ತಾನೇ ಗದ್ದೆಯಲ್ಲಿ ಹಾಡು; ಅದಕ್ಕೆ ನಾನು ಊರಿಗೆ ಬರುತ್ತಿದ್ದ ಹಾಗೆ ಬೇಗ ಕೊಯ್ಲಿಗೆ ಬರುವ ಭತ್ತ ನೆಟ್ಟೆ. ಅದರ ಇಳುವರಿ ಕಡಿಮೆ, ಅಕ್ಕಿಯೂ ದಪ್ಪ. ಯಾವತ್ತೂ ಹಾಕದ ತಳಿಯನ್ನು ಈ ವರ್ಷ ಯಾಕೆ ಹಾಕಿದೆ ಎಂದು ಹೆಂಡತಿ ಕೇಳಿದಳು. ಸಿದ್ದಯ್ಯನ ವಯಸ್ಸು ಹೇಳಿದೆ.